ಪಟ್ಟೆಯಿಲ್ಲದ ಹಳದಿ ಮೀನು

ನಿಪ್ಪಾಣಿಯ ಹಲ್ಲಿನ ದವಾಖಾನೆಯೊಂದರಲ್ಲಿ ಸರದಿಗಾಗಿ ಕಾಯುತ್ತ ಕೂತಿದ್ದಾಗ ಬೆನ್ನ ಹಿಂದಿನಿಂದ ಮೀನಿನ ಟ್ಯಾಂಕಿನ ಗಾಳಿಯಂತ್ರದ ಸದ್ದು ಕೇಳಿಸಿತು. ನೀರಿನಡಿಯಿಂದ ಗುಳ್ಳೆ ಎದ್ದು ಮೇಲೆ ಬಂದು ಒಡೆಯುವ, ಎಡೆಬಿಡದ ಗುಳುಗುಳು. ತಿರುಗಿ ನೋಡುವ ಮೊದಲೇ ರಾಯಬಾಗದ ನಮ್ಮ ಪಡಸಾಲೆ ಕಣ್ಣಿಗೆ ಬಂತು, ಹಸಿ ಸ್ಪಂಜಿನ ವಾಸನೆಯೂ ಬಂತು. ಎಂಟರಿಂದ ಹನ್ನೆರಡರ ವಯಸ್ಸಿನವರೆಗೆ ನಾನು ಈ ಸದ್ದಿನಲ್ಲೇ ಮಲಗುತ್ತಿದ್ದೆ, ಈ ಸದ್ದಿನಲ್ಲೇ ಏಳುತ್ತಿದ್ದೆ. ಕರೆಂಟು ಹೋಗಿ ಅದು ನಿಂತಾಗ ಮಾತ್ರ ಮನೆಯವರಿಗೆಲ್ಲ ಎಚ್ಚರವಾಗುತ್ತಿತ್ತು. ಆ ಮನೆ ಈಗ ಇಲ್ಲ. ಪಾಲಾಗಿ, ಮಾರಾಟವಾಗಿ, ಆ ಜಾಗದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ನಿಂತಿದೆ. ನಿಮಗೂ ಅಂಥದೊಂದು ಮನೆ ಇದ್ದಿದ್ದರೆ, ಅದರ ಮುಂದೆ ಬಸ್ಸಿನಲ್ಲಿ ಹಾದು ಹೋಗುವಾಗ ಯಾವ ಕಡೆ ನೋಡಬೇಕೆಂಬ ಗೊಂದಲ ನಿಮಗೂ ಗೊತ್ತಿರುತ್ತದೆ.

ಮೀನು ಸಾಕುತ್ತಿದ್ದವರು ಬಾಬು ಕಾಕಾ ಮತ್ತು ಸುಮನ್ ಕಾಕು, ಅಂದರೆ ಅಪ್ಪನ ತಮ್ಮ ಮತ್ತು ಅವನ ಹೆಂಡತಿ. ಕಾಕುವಿನ ತವರು ಮಿರಜ್ ಕಡೆಯದು, ಮಾತಿನಲ್ಲಿ ಕೊನೆಯವರೆಗೂ ಮರಾಠಿ ಉಳಿದಿತ್ತು; ಗಂಡನನ್ನು 'ಅಹೋ' ಎಂದು, ನನ್ನನ್ನು ಮಗುವೆಂಬರ್ಥದಲ್ಲಿ 'ಬಾಳಾ' ಎಂದು ಕರೆಯುತ್ತಿದ್ದಳು. ನಮ್ಮ ಬೋರಿನ ನೀರು ಸವಳು, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಆದರೆ ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳಿಗೆ ಅಂಥ ಗಡಸು ನೀರೇ ಬೇಕಂತೆ. ಕೊಲ್ಹಾಪುರದ ವ್ಯಾಪಾರಿಯೊಬ್ಬ ಹಾಗೆಂದು ಹೇಳಿ ಪೀಕಾಕ್ ಜಾತಿಯ ಒಂದು ಗಂಡು, ನಾಲ್ಕು ಹೆಣ್ಣು ಕೊಟ್ಟು ಹೋಗಿದ್ದ. ಗಂಡಿನ ಮೈ ಹಳದಿ, ಮುಖ ನೀಲಿ, ಪಕ್ಕೆಯ ಮೇಲೆ ಮಸಿ ಸವರಿದಂಥ ಅಡ್ಡ ಪಟ್ಟೆಗಳು. ಹೆಣ್ಣುಗಳೆಲ್ಲ ಬರೀ ಬೂದು. ಆ ಪಟ್ಟೆ ಅಳಿಸಿ ಅಪ್ಪಟ ಹಳದಿಯ ತಳಿ ತೆಗೆಯಬೇಕೆಂಬುದು ಕಾಕುವಿನ ತಲೆಯೊಳಗೆ ಹೊಕ್ಕಿತು. ಎದುರು ಮನೆಯ ಗಂಗವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, "ಸುಮನಕ್ಕಾ, ತಿನ್ನಾಕ ಬರೂದಿಲ್ಲ, ಹಾಲ ಕೊಡೂದಿಲ್ಲ, ಏನ್ ಮಾಡ್ತೀರಿ ಇವನ್ನ ಇಟ್ಕೊಂಡು?" ಕಾಕು ಬಲೆಯಿಂದ ತಲೆ ಎತ್ತದೆ ಹೇಳಿದಳು, "ನಿನ್ನ ಗಂಡನೂ ಹಾಲ ಕೊಡೂದಿಲ್ಲ. ಇಟ್ಕೊಂಡಿಲ್ಲೇನ ನೀ?"

ತಾಯಿ ಮೀನು ಮೂರು ವಾರ ಏನೂ ತಿನ್ನದೆ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡಿರುತ್ತಿತ್ತು. ಆಮೇಲೆ ಕಾಕು ಅದನ್ನು ಒದ್ದೆ ಅಂಗೈಯಲ್ಲಿ ಹಿಡಿದು, ಕೋಳಿ ಗರಿಯ ತುದಿಯಿಂದ ತುಟಿ ಬಿಡಿಸಿ, ಮರಿಗಳನ್ನು ಬೋಗುಣಿಗೆ ಇಳಿಸುತ್ತಿದ್ದಳು. ಮೊದಲ ಕೆಲವು ಪೀಳಿಗೆ ನಾವು ತಪ್ಪಾಗಿ ಆರಿಸಿದೆವು. ಬೇಗ ಬಣ್ಣ ಏರಿದ ಗಂಡುಗಳನ್ನು ಉಳಿಸಿಕೊಂಡು, ಬೂದಾಗಿಯೇ ಉಳಿದ ಗಂಡುಗಳನ್ನು ಕಾಕಾ ತೋಟದ ಬಾವಿಗೆ ಒಗೆಯುತ್ತಿದ್ದ. ಒಮ್ಮೆ ಅಂಥದೊಂದು ಬೂದು ಮೀನನ್ನು ನಾನು ಕನಿಕರಪಟ್ಟು ದನ ನೀರು ಕುಡಿಯುವ ತೊಟ್ಟಿಯಲ್ಲಿ ಬಿಟ್ಟೆ. ತಿಂಗಳೊಪ್ಪತ್ತಿನಲ್ಲಿ ಅದು ಮನೆಯ ಯಾವ ಮೀನಿಗೂ ಇಲ್ಲದಷ್ಟು ಹಳದಿಯಾಯಿತು. ಕಾಕು ತೊಟ್ಟಿಯ ಅಂಚಿನಲ್ಲಿ ಬಹಳ ಹೊತ್ತು ಕೂತಿದ್ದು ಎದ್ದಳು. ಜೋರಿನ ಗಂಡೊಂದು ಎದುರಿಗಿದ್ದರೆ ಉಳಿದ ಗಂಡುಗಳು ಹೆದರಿ ಬಣ್ಣ ಮುಚ್ಚಿಟ್ಟುಕೊಳ್ಳುತ್ತವೆ ಎಂಬುದು ಅವಳಿಗೆ ಹೊಳೆದಿತ್ತು. "ನಾವು ಬಣ್ಣ ಆರ್ಸಿಲ್ಲ ಬಾಳಾ, ಗೂಂಡಾಗಳನ್ನ ಆರ್ಸೇವಿ" ಅಂದಳು.

ಅಂದಿನಿಂದ ಮನೆಗೆ ಬಾಟಲಿಗಳು ಬರತೊಡಗಿದವು. ಕಿರಾಣಿ ಅಂಗಡಿಯ ಬಿಸ್ಕತ್ತಿನ ಬರಣಿ, ಖಾನಾವಳಿಯ ಉಪ್ಪಿನಕಾಯಿ ಬಾಟಲಿ, ಸಿಕ್ಕಿದ್ದೆಲ್ಲ. ಪ್ರತಿ ಎಳೆ ಗಂಡಿಗೂ ಒಂದು ಬಾಟಲಿ, ಅದಕ್ಕೊಂದು ಗಾಳಿ ನಳಿಗೆ. ಒಂದನ್ನೊಂದು ನೋಡಬಾರದೆಂದು ನಡುವೆ ನನ್ನ ಹಳೆಯ ನೋಟುಬುಕ್ಕಿನ ರಟ್ಟು. ಕಿಟಕಿಕಟ್ಟೆ, ಜೋಳದ ಚೀಲಗಳ ಪಕ್ಕದ ಹಲಗೆ, ದೇವರ ಕೋಣೆಯ ಗೂಡು, ಎಲ್ಲ ಕಡೆ ಒಂದೊಂದು ಮೀನು ಒಂಟಿಯಾಗಿ ನಿಧಾನ ಹಳದಿಯಾಗುತ್ತಿತ್ತು. ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ ನಂಬರು ಬರೆಯುವ ಕೆಲಸ ನನ್ನದು. ಹೆಣ್ಣುಗಳೆಲ್ಲ ಬಚ್ಚಲ ಪಕ್ಕದ ದೊಡ್ಡ ನೀರಿನ ಟಾಕಿಯಲ್ಲಿದ್ದವು, ಅವಕ್ಕೆ ಚೀಟಿ ಇರಲಿಲ್ಲ. ಯಾವುದು ಯಾರ ಮಗಳು ಎಂಬುದು ಕಾಕುವಿಗೆ ನೋಡಿದರೆ ತಿಳಿಯುತ್ತಿತ್ತು. "ನೀವೆಲ್ಲಾ ಗಂಡನ್ನ ನೋಡ್ತೀರಿ. ಪಟ್ಟಿ ಹೋಗೂದು ತಾಯಿ ಕಡಿಂದ" ಅನ್ನುತ್ತಿದ್ದಳು. ಹೇಗೆ ಗುರುತಿಸುತ್ತೀ ಎಂದು ಕೇಳಿದ್ದಕ್ಕೆ, "ದಿನಾ ನೋಡು, ತಿಳೀತೈತಿ" ಅಂದಿದ್ದಳು. ನಾನು ದಿನಾ ನೋಡಲಿಲ್ಲ. ಹಳದಿ ಮೀನುಗಳನ್ನು ನೋಡುತ್ತಿದ್ದೆ.

ಐದನೆಯ ಪೀಳಿಗೆ ಬಾಟಲಿಗಿಳಿದು ಪಟ್ಟೆ ಮಸುಕಾಗುತ್ತಿದ್ದ ದಿನಗಳಲ್ಲೇ ಕಾಕುವಿಗೆ ಹೊಟ್ಟೆನೋವು ಹೆಚ್ಚಾಗಿ ಮಿರಜಿನ ಆಸ್ಪತ್ರೆಗೆ ಸೇರಿಸಿದರು. ಅವ್ವ ಜೊತೆಗೆ ಹೋದಳು. ದನ, ಕಬ್ಬು, ಬಾಟಲಿಗಳು ಕಾಕಾನ ಮೇಲೆ ಬಿದ್ದವು. ನಲವತ್ತು ಬಾಟಲಿಗಳ ನೀರನ್ನು ದಿನವೂ ಬದಲಿಸಬೇಕು. ಆರನೆಯ ಬೆಳಿಗ್ಗೆ ಅವನು ಚೊಂಬು ಕೆಳಗಿಟ್ಟು, "ಪಾಪ, ಜೇಲಿನ್ಯಾಗ ಕುಂತಂಗ ಕುಂತಾವು. ನಾಕ್ ದಿನ ಜೋಡಿ ಇರ್ಲಿ ಬಿಡು" ಎಂದು ಎಲ್ಲವನ್ನೂ ಒಂದೇ ಗಾಜಿನ ಟ್ಯಾಂಕಿಗೆ ಸುರಿದ. ಬಲೆ ಹಿಡಿದು ನಿಂತವಳು ನಾನು. ಏನಾಗುತ್ತದೆಂದು ಅವನಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ತಡೆಯಲಿಲ್ಲ. ಅಷ್ಟು ಮೀನು ಒಟ್ಟಿಗೆ ತಿರುಗುವುದು ನೋಡಲು ಚೆಂದವಿತ್ತು.

ಹದಿನೆಂಟು ದಿನಕ್ಕೆ ಕಾಕು ತಿರುಗಿ ಬಂದಾಗ ಟ್ಯಾಂಕಿನಲ್ಲಿ ದಪ್ಪ ಪಟ್ಟೆಯ ಒಂದು ಹಳದಿ ಗಂಡು ಓಡಾಡುತ್ತಿತ್ತು. ಉಳಿದವೆಲ್ಲ ಬೂದಾಗಿ ಮೂಲೆ ಹಿಡಿದಿದ್ದವು. ಖಾಲಿ ಬಾಟಲಿಗಳ ಮೇಲೆ ನನ್ನ ನಂಬರುಗಳು ಹಾಗೇ ಇದ್ದವು.

"ಅಹೋ, ಇದೇನ್ರಿ?"

"ಒಂದೊಂದ ಕುಂತಿದ್ವು. ನೋಡಾಕ ಆಗ್ಲಿಲ್ಲ ನನಗ."

ಅವಳು ಬೈಯಲಿಲ್ಲ. ಗೋಡೆ ಹಿಡಿದು ಕುರ್ಚಿಯ ಮೇಲೆ ಕೂತು, "ಬಾಟ್ಲಿ ತೊಳಿ ಬಾಳಾ. ಮತ್ತ ಬಣ್ಣ ಬರಾಕ ಒಂದ್ ತಿಂಗಳರ ಬೇಕ್ ಇವಕ್ಕ" ಅಂದಳು. ಸಂಜೆಯವರೆಗೆ ನಾನೂ ಕಾಕಾನೂ ಒಂದೊಂದನ್ನಾಗಿ ಬೇರೆ ಮಾಡಿದೆವು. ಮರುದಿನದಿಂದ ಕಾಕು ಬೆಳಿಗ್ಗೆ ಎದ್ದು ಗೋಡೆಗುಂಟ ಬಂದು ಎಲ್ಲ ಬಾಟಲಿ ನೋಡುತ್ತಿದ್ದಳು. ಆಮೇಲೆ ಹಾಸಿಗೆಯಿಂದಲೇ ಕೇಳುತ್ತಿದ್ದಳು, "ಯಾವುದಕ್ಕರ ಬಣ್ಣ ಏರೇತೇನ?" ಇಲ್ಲ ಅನ್ನುತ್ತಿದ್ದೆ. ಆಸ್ಪತ್ರೆಯಲ್ಲಿ ಇನ್ನೇನೂ ಮಾಡಲಾಗದೆಂದು ಕಳಿಸಿದ್ದರೆಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಹನ್ನೆರಡನೆಯ ದಿನ ಅವಳು ಹೋದಳು. ಅಂದೂ ಎಲ್ಲ ಬಾಟಲಿಗಳಲ್ಲಿ ಬೂದು ಮೀನೇ ಇದ್ದವು.

ಅದಾಗಿ ಹತ್ತೊಂಬತ್ತು ದಿನಕ್ಕೆ, ಶಾಲೆಗೆ ಹೊರಟವಳು ಕಿಟಕಿಕಟ್ಟೆಯ ಮೇಲೊಂದು ಹಳದಿ ಕಂಡು ನಿಂತೆ. ಬೆನ್ನಿನಿಂದ ಬಾಲದವರೆಗೆ ಒಂದೇ ಬಣ್ಣ. ಕಾಕಾನನ್ನು ಕೂಗಿದೆ. ಅವನು ಸಗಣಿ ಕೈಯಲ್ಲೇ ಬಂದ.

"ಪಟ್ಟಿ ಅದಾವೇನ?"

"ಇಲ್ಲ ಕಾಕಾ."

ರಟ್ಟು ಸರಿಸಿ ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ನೋಡಿದ. ಆಮೇಲೆ ಕೇಳಿದ, "ಇದಕ್ಕ ಯಾವ ಹೆಣ್ಣ ಹಾಕ್ಬೇಕಂದಿದ್ಲು ನಿಮ್ಮ ಕಾಕು?"

ನನಗೆ ಗೊತ್ತಿರಲಿಲ್ಲ. ಇಬ್ಬರೂ ಬಚ್ಚಲ ಪಕ್ಕದ ಟಾಕಿಯ ಹತ್ತಿರ ಹೋಗಿ ನಿಂತೆವು. ನೆರಳು ಬಿದ್ದೊಡನೆ ಹೆಣ್ಣುಗಳೆಲ್ಲ ಅನ್ನದ ಆಸೆಗೆ ಮೇಲೆ ಬಂದು ಬಾಯಿ ತೆರೆದವು. ಕಾಕಾ ಅಂಚಿಗೆ ಕೈಯೂರಿ ಬಗ್ಗಿ, ಒಂದೊಂದನ್ನಾಗಿ ನೋಡತೊಡಗಿದ. ನನಗೆ ಶಾಲೆಯ ಹೊತ್ತು ಮೀರಿತು.

"ಎಲ್ಲಾ ಒಂದೇ ನಮೂನಿ ಅದಾವಲ್ಲ" ಅಂದ.