ಲಿಫ್ಟಕ್ಕನ ಹಾಜರಿಯಲ್ಲಿ ಇಪ್ಪತ್ತಾರು ಐರಿಷ್ ಕವಿಗಳು

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ದೊಡ್ಡ ಲಿಫ್ಟ್‌ನೊಳಗೆ ಐವತ್ತಮೂರರ ಹೆಂಗಸೊಬ್ಬರು ಒದ್ದೆ ಬಟ್ಟೆಯಲ್ಲಿ ಗುಂಡಿಗಳನ್ನು ಒರೆಸುತ್ತಿದ್ದಾರೆ. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡಿದ್ದಾರೆ. ಆ ಕಡೆಯ ಗಂಡನ ದನಿ ಇವರ ಬಗ್ಗೆ ಬರೆಯಲು ಬಂದು ಮೂಲೆಯಲ್ಲಿ ನಿಂತ ನನಗೂ ಕೇಳುವಷ್ಟು ಜೋರಾಗಿದೆ.

"ಕೋಳಿ ಕವಿ?"

"ಇದಾನೆ."

"ಇಬ್ಬರು ಅತ್ತೆಯರ ಕವಯಿತ್ರಿ?"

"ಇದಾಳೆ. ಎಲ್ಲೋ ಪದ್ಯ ಓದಿದಾಳಂತೆ, ಫೋಟೋ ಹಾಕಿದಾರೆ."

"ಫೋಟೋ ಯಾವತ್ತಿಂದು? ಸರಿಯಾಗಿ ನೋಡ್ರೀ!"

"ನಿನ್ನೇದೇ ಮಾರಾಯ್ತಿ. ನನ್ನ ಕಣ್ಣಾಣೆ."

ಇಪ್ಪತ್ತಾರು ಹೆಸರು ಮುಗಿಯುವ ಹೊತ್ತಿಗೆ ಒಂಬತ್ತು ನಿಮಿಷ. ಇಪ್ಪತ್ತಾರೂ ಐರ್ಲೆಂಡಿನ ಕವಿಗಳು, ಇಪ್ಪತ್ತಾರೂ ಈ ಬೆಳಗಿನ ಮಟ್ಟಿಗೆ ಜೀವಂತ. ಇಡೀ ಆಸ್ಪತ್ರೆ 'ಲಿಫ್ಟಕ್ಕ' ಎಂದೇ ಕರೆಯುವ ಈಕೆಗೆ ಸಂಬಳ ಬರುವುದು ಲಿಫ್ಟ್ ನಡೆಸುವುದಕ್ಕೆ. ಸಂಬಳವಿಲ್ಲದೆ ಮಾಡುವ ಕೆಲಸ ಇನ್ನೊಂದಿದೆ. ಇವತ್ತು ಬರೆಯುತ್ತಿರುವ ಐರಿಷ್ ಕವಿಗಳನ್ನು ಹುಡುಕಿ ಹುಡುಕಿ, ಲಿಫ್ಟ್ ಹತ್ತಿದವರಿಗೆ ಶಿಫಾರಸು ಮಾಡುವುದು. ಆ ಕೆಲಸ ಉಳಿಯುತ್ತದೋ ಹೋಗುತ್ತದೋ ಎಂಬುದು ಇವತ್ತು ಏಳು ಗಂಟೆಗೆ ತೀರ್ಮಾನವಾಗಬೇಕು. ಅದಕ್ಕೇ ಗುಂಡಿಗಳನ್ನು ಮೂರನೇ ಸಲ ಒರೆಸುತ್ತಿದ್ದಾರೆ.

ಶುರುವಾದದ್ದು ಏಳು ವರ್ಷದ ಹಿಂದೆ, ಲಿಫ್ಟ್‌ನೊಳಗಿನ ಸ್ಟೂಲಿನ ಕೆಳಗೆ ಯಾರೋ ಮರೆತುಹೋದ ತೆಳ್ಳನೆಯ ಐರಿಷ್ ಕವನಪುಸ್ತಕದಿಂದ. ಕಳೆದುಹೋದ ವಸ್ತುಗಳ ಕೌಂಟರಿನಲ್ಲಿ ಮೂವತ್ತು ದಿನ ಬಿದ್ದಿದ್ದರೂ ಕೇಳಿಕೊಂಡು ಒಂದು ನರಪಿಳ್ಳೆಯೂ ಬರಲಿಲ್ಲ. ಮೂವತ್ತೊಂದನೇ ದಿನ ಅದು ಲಿಫ್ಟಕ್ಕನ ಪಾಲಾಯಿತು. "ನನ್ನ ಇಂಗ್ಲಿಷು ಅರ್ಧಂಬರ್ಧ. ಒಂದು ಪುಟಕ್ಕೆ ಹನ್ನೊಂದು ಸಲ ಡಿಕ್ಷನರಿ ತೆಗೆದೆ. ಕೊನೇಗೆ ನೋಡಿದ್ರೆ, ಆತ ಬರೆದಿರೋದು ಕಾವಿಗೆ ಕೂತ ಕೋಳಿ ಬಗ್ಗೆ! ಅಯ್ಯೋ, ಇಷ್ಟು ಸಲೀಸಾಗಿ ಬರೀಬಹುದಾ ಅನ್ನಿಸ್ತು," ಎಂದು ಈಗಲೂ ಕಣ್ಣರಳಿಸುತ್ತಾರೆ. ಅಲ್ಲಿಂದ ಹಿಡಿದ ಹುಚ್ಚು ಬಿಟ್ಟಿಲ್ಲ. ಒಬ್ಬ ಕವಿ ತನ್ನ ಪುಸ್ತಕದಲ್ಲಿ ಯಾರಿಗೆ ಕೃತಜ್ಞತೆ ಹೇಳಿದ್ದಾನೋ ಅವರನ್ನು ಹುಡುಕುವುದು, ಅವರು ಇನ್ಯಾರ ಹೆಸರು ಹೇಳುತ್ತಾರೋ ಅವರ ಬೆನ್ನು ಹತ್ತುವುದು. ಇದೇ ಆಕೆಯ ಸಂಶೋಧನೆ.

ನೆಲಮಹಡಿಯಿಂದ ಏಳನೆಯ ಮಹಡಿಗೆ ಒಂದು ನಿಮಿಷ ಐವತ್ತು ಸೆಕೆಂಡು. ಎಂಟು ಗಂಟೆಯ ಪಾಳಿಯಲ್ಲಿ ನೂರನಲವತ್ತು ಓಡಾಟ, ಅದರಲ್ಲಿ ಮೂವತ್ತಕ್ಕೆ ಕಡಿಮೆಯಿಲ್ಲದಂತೆ ಪದ್ಯ. ಪದ್ಯಕ್ಕೆ ಇಲ್ಲಿ ಅಳತೆ ಮಹಡಿಯದು. "ಇದು ಎರಡು ಮಹಡಿ ಪದ್ಯ, ಇದು ಆರು ಮಹಡೀದು, ಗಾಲಿಕುರ್ಚಿ ಹತ್ತಿಸ್ವಾಗ ಬೇಡ," ಎನ್ನುತ್ತಾರೆ. ಮೂಲವನ್ನು ಬದಿಗಿಟ್ಟು ನಮ್ಮ ನಿಮ್ಮ ಮಾತಿನಲ್ಲಿ ಹೇಳಿಬಿಡುವುದು ರೂಢಿ. ಹೆರಿಗೆ ವಾರ್ಡಿನ ಹೊರಗೆ ಶತಪಥ ಹಾಕುವ ಅಪ್ಪಂದಿರಿಗೆ ಕೋಳಿ ಕವಿ: "ಕೋಳಿ ಇಪ್ಪತ್ತೊಂದು ದಿನ ಕೂರತ್ತೆ, ಆತ ಇಪ್ಪತ್ತೊಂದು ದಿನ ಸುತ್ತ ಓಡಾಡ್ತಾನೆ. ಆತನಿಂದ ಮೂರು ಕಾಸಿನ ಉಪಯೋಗ ಇರ್ಲಿಲ್ಲ ಅಂತ ಕೊನೇಲಿ ಗೊತ್ತಾಗತ್ತೆ." ಪದ್ಯ ಹಿಡಿಸಿದವರಿಗೆ ಕವಿಯ ಹೆಸರನ್ನೂ ಪುಸ್ತಕದ ಹೆಸರನ್ನೂ ಚೀಟಿಯಲ್ಲಿ ಬರೆದುಕೊಡುತ್ತಾರೆ. ಒಬ್ಬ ಮಹಾಶಯ ಆ ಚೀಟಿಯನ್ನು ಕೆಳಗಿನ ಔಷಧಿ ಅಂಗಡಿಗೆ ಕೊಟ್ಟ. ಅಂಗಡಿಯವನು ಹಿಂದೆ ಮುಂದೆ ನೋಡದೆ, "ಸ್ಟಾಕ್ ಇಲ್ಲ, ನಾಳೆ ಬನ್ನಿ," ಎಂದ.

ಆದರೆ ಒಂದು ಕಟ್ಟುನಿಟ್ಟು. ಸತ್ತ ಕವಿಗಳಿಗೆ ಈ ಲಿಫ್ಟ್‌ನಲ್ಲಿ ಪ್ರವೇಶವಿಲ್ಲ. "ಎಷ್ಟೇ ದೊಡ್ಡೋರಾಗಿರ್ಲಿ, ನಮಸ್ಕಾರ. ಇದು ಆಸ್ಪತ್ರೆ ಕಣ್ರೀ. ಮೇಲೆ ಹೋಗೋರ ಹತ್ರ ಬದುಕಿರೋರ ಮಾತೇ ಆಡ್ಬೇಕು." ಅದಕ್ಕೇ ದಿನಾ ಬೆಳಗಿನ ಹಾಜರಿ. ಆಂಬುಲೆನ್ಸ್ ಓಡಿಸಿ ನಿವೃತ್ತರಾದ ಗಂಡ ಇಪ್ಪತ್ತೇಳು ಹೆಸರನ್ನೂ ಫೋನಿನಲ್ಲಿ ಹುಡುಕಿ, ಇದ್ದಾರೆಂದು ಖಾತ್ರಿ ಮಾಡಬೇಕು.

ಹೌದು, ಆಗ ಇಪ್ಪತ್ತೇಳಿದ್ದರು. ಇಪ್ಪತ್ತೇಳನೆಯವನು 'ಪಿತ್ತಕೋಶದಜ್ಜ'. ಎಂಬತ್ತೊಂದರ ಈತ ಇಪ್ಪತ್ತು ವರ್ಷದ ಹಿಂದೆ ತನ್ನ ಪಿತ್ತಕೋಶದಿಂದ ತೆಗೆದ ಒಂಬತ್ತು ಕಲ್ಲುಗಳ ಮೇಲೆ ಒಂಬತ್ತು ಪದ್ಯ ಬರೆದವನು. ಅದೇ ಕಾಯಿಲೆಗೆ ದಾಖಲಾದ ನಿವೃತ್ತ ಹೆಡ್‌ಮಾಸ್ಟರೊಬ್ಬರಿಗೆ ಲಿಫ್ಟಕ್ಕ ಈ ಅಜ್ಜನ ಹುಚ್ಚು ಹಿಡಿಸಿದರು. "ನೋಡಿ ಸರ್, ಆಪರೇಷನ್ ಆಗಿ ಇಪ್ಪತ್ತು ವರ್ಷ. ಗುಂಡುಕಲ್ಲಿನ ಹಾಗಿದಾರೆ!" ಹೆಡ್‌ಮಾಸ್ಟರಿಗೆ ಧೈರ್ಯ ಬಂತು. ಆಪರೇಷನ್ ದಿನ ಬೆಳಗ್ಗೆ ಅವರ ಮಗಳು, ಅಪ್ಪನಿಗೆ ಅಜ್ಜನ ಇನ್ನೊಂದು ಪುಸ್ತಕ ತರಿಸೋಣವೆಂದು ಫೋನು ತೆರೆದು ನೋಡಿದರೆ, ಅಜ್ಜ ತೀರಿಕೊಂಡು ಹದಿನೆಂಟು ದಿನ!

ಹೆಡ್‌ಮಾಸ್ಟರು ಸ್ಟ್ರೆಚರಿನಿಂದ ಇಳಿದವರೇ, ಬೆನ್ನಿಗೆ ದಾರ ಕಟ್ಟುವ ಆಸ್ಪತ್ರೆಯ ಅಂಗಿಯಲ್ಲೇ ಗೇಟು ದಾಟಿಬಿಟ್ಟರು. ಬೆನ್ನ ಹಿಂದೆ ದಾರ ಪೂರ್ತಿ ಕಟ್ಟಿರಲಿಲ್ಲ ಎಂದು ನೋಡಿದವರು ಹೇಳುತ್ತಾರೆ. ಆ ಕಡೆ ಕಲ್ಲು ಕಾಯುವಂಥದ್ದಲ್ಲವೆಂದು ಡಾಕ್ಟರು ಕೂಗಾಡಿದರು. ಈ ಕಡೆ ಸೂಪರಿಂಟೆಂಡೆಂಟ್ ಸಾಹೇಬರು ಲಿಫ್ಟಕ್ಕನನ್ನು ಕರೆಸಿದರು. "ಪದ್ಯ ಕೇಳಿ ಓಡಿಹೋದ ಪೇಷಂಟನ್ನ ನೀವೇ ವಾಪಸ್ ಕರ್ಕೊಂಡ್ಬನ್ನಿ. ಅವರು ಟೇಬಲ್ ಮೇಲೆ ಮಲಗ್ಲಿಲ್ಲ ಅಂದ್ರೆ ಇನ್ಮೇಲೆ ಲಿಫ್ಟ್‌ನಲ್ಲಿ ಮಹಡಿ ನಂಬರ್ ಬಿಟ್ಟು ಒಂದಕ್ಷರ ಮಾತಾಡೋ ಹಾಗಿಲ್ಲ!"

ಮನೆಯಲ್ಲಿ ವಿಚಾರಣೆಯಾದಾಗ ಗಂಡನ ಬಾಯಿಂದ ನಿಜ ಹೊರಬಿತ್ತು. ಹದಿನೆಂಟು ದಿನದಿಂದ ಅಜ್ಜನ ಹೆಸರು ಹುಡುಕಿಯೇ ಇರಲಿಲ್ಲ. "ಕೊನೇ ಹೆಸರು ಬೇರೆ. ನಿನ್ನೆ ಇದ್ದೋನು ಇವತ್ತು ಎಲ್ಲಿ ಹೋಗ್ತಾನೆ ಅಂತ 'ಇದಾನೆ' ಅಂದ್ಬಿಡ್ತಿದ್ದೆ." ಸತ್ತವನಿಗೆ ಪ್ರಾಕ್ಸಿ ಹಾಜರಿ!

"ನನ್ನ ಪದ್ಯ ಹಾಳಾಗಿ ಹೋಗ್ಲಿ," ಎನ್ನುತ್ತಾರೆ ಲಿಫ್ಟಕ್ಕ. "ಆ ಮನುಷ್ಯ ಹೊಟ್ಟೆ ಹಿಡ್ಕೊಂಡು ಮನೇಲಿ ಕೂತಿದಾರಲ್ಲ, ನನ್ನಿಂದ. ಮೂರು ದಿನ ನನಗೆ ಊಟ ಸೇರ್ಲಿಲ್ಲ." ನಾಲ್ಕನೇ ದಿನ ಗಂಡನನ್ನು ಎಳೆದುಕೊಂಡು ಹೆಡ್‌ಮಾಸ್ಟರ ಮನೆಗೇ ಹೋದರು. ಹೆಡ್‌ಮಾಸ್ಟರದು ನಲವತ್ತು ವರ್ಷ ಮಕ್ಕಳ ಪ್ರಾಕ್ಸಿ ಹಿಡಿದ ಕೈ. ಅಪರಾಧಿಗೆ ಕುರ್ಚಿ ಕೊಡಲಿಲ್ಲ. "ನಿಂತ್ಕೊಂಡೇ ಹೇಳಿ!" ಗಂಡ ನಿಂತುಕೊಂಡೇ ಹೇಳಿದರು. ಅಜ್ಜನ ಊರಿನ ಪತ್ರಿಕೆಯಲ್ಲಿ ಹುಡುಕಿ ತೆಗೆದ ಸಾವಿನ ಸುದ್ದಿಯನ್ನೂ ಓದಿದರು. ಅಜ್ಜ ಸತ್ತದ್ದು ಪಿತ್ತಕೋಶದಿಂದಲ್ಲ, ಸೇಬು ಕೀಳಲು ಏಣಿ ಹತ್ತಿ ಬಿದ್ದು.

"ಎಂಬತ್ತೊಂದಕ್ಕೆ ಏಣಿ ಹತ್ತಿದ್ನಾ?" ಎಂದು ಹೆಡ್‌ಮಾಸ್ಟರು ಆ ಸುದ್ದಿಯನ್ನು ಇನ್ನೊಂದು ಸಲ ಓದಿಸಿದರಂತೆ. ಆಮೇಲೆ, "ಬರ್ತೀನಿ. ಆದ್ರೆ ಮಲಗ್ತೀನಿ ಅಂತ ಮಾತು ಕೊಡಲ್ಲ," ಎಂದರಂತೆ.

ಆರು ಐವತ್ತೆಂಟು. ಸ್ಟ್ರೆಚರು ಒಳಗೆ ಬರುತ್ತದೆ. ಹೆಡ್‌ಮಾಸ್ಟರು ಅದರ ಕಂಬಿ ಹಿಡಿದಿರುವ ರೀತಿ ನೋಡಿದರೆ ಇವತ್ತೂ ಗೇಟು ದಾಟುವ ಲಕ್ಷಣವೇ. ಆಪರೇಷನ್ ಥಿಯೇಟರು ಐದನೇ ಮಹಡಿ. ಲಿಫ್ಟಕ್ಕ ಗುಂಡಿ ಒತ್ತುತ್ತಾರೆ.

"ನಿಮಗೆ ಹೊಸ ಕವಯಿತ್ರಿ ಸರ್. ಇಪ್ಪತ್ತಾರು ವರ್ಷ."

"ಬದುಕಿದಾಳಾ?"

"ಇವತ್ತು ಬೆಳಗ್ಗೆ ನೋಡಿದೀವಿ. ಏಣಿ ಗೀಣಿ ಇಲ್ಲ."

ಪದ್ಯ ಶುರುವಾಗುತ್ತದೆ. ಒಂದು ಹಸು ಹಳ್ಳಕ್ಕೆ ಬಿದ್ದಿದೆ. ಎರಡನೇ ಮಹಡಿಗೆ ಅಕ್ಕಪಕ್ಕದವರೆಲ್ಲ ಸೇರುತ್ತಾರೆ. ಮೂರಕ್ಕೆ ಹಗ್ಗ ಬರುತ್ತದೆ. ನಾಲ್ಕು ದಾಟುವಾಗ ಹತ್ತು ವರ್ಷದಿಂದ ಮಾತು ಬಿಟ್ಟ ಅಣ್ಣ ತಮ್ಮ ಒಂದೇ ಹಗ್ಗ ಹಿಡಿದು ಎಳೆಯುತ್ತಾರೆ. ಸ್ಟ್ರೆಚರ್ ತಳ್ಳುವವನೂ ಕಿವಿ ನಿಮಿರಿಸಿದ್ದಾನೆ. ನನ್ನ ಪೆನ್ನು ನಿಂತುಹೋಗಿದೆ. ಬಾಗಿಲು ತೆರೆಯುತ್ತದೆ.

"ಆಮೇಲೆ? ಹಸು ಮೇಲೆ ಬಂತಾ?"

"ಐದನೇ ಮಹಡಿ ಸರ್. ಎರಡೇ ಸಾಲು ಉಳಿದಿದೆ. ಇಳಿಯುವಾಗ ಹೇಳ್ತೀನಿ."

"ಇದು ಮೋಸ!"

"ಮೋಸಾನೇ ಸರ್. ಬೇಗ ಮುಗಿಸ್ಕೊಂಡು ಬನ್ನಿ."

ಹೆಡ್‌ಮಾಸ್ಟರು ಬೈದುಕೊಳ್ಳುತ್ತಲೇ ಹೋಗುತ್ತಾರೆ, ಆದರೆ ಮಲಗಿಕೊಂಡೇ ಹೋಗುತ್ತಾರೆ. ಆಮೇಲಿನ ಮೂವತ್ತೊಂದು ಓಡಾಟದಲ್ಲಿ ಲಿಫ್ಟಕ್ಕ ಯಾರಿಗೂ ಒಂದು ಸಾಲೂ ಹೇಳುವುದಿಲ್ಲ. ಒಬ್ಬರನ್ನು ಮೂರರ ಬದಲು ಆರಕ್ಕೆ ಕರೆದೊಯ್ಯುತ್ತಾರೆ. ಪ್ರತಿ ಸಲ ಐದನೇ ಮಹಡಿ ಬಂದಾಗ ಕತ್ತು ಹೊರಗೆ ಚಾಚುತ್ತಾರೆ.

ಒಂಬತ್ತೂಮುಕ್ಕಾಲಿಗೆ ಸ್ಟ್ರೆಚರು ವಾಪಸ್ ಬರುತ್ತದೆ. ಪಕ್ಕದಲ್ಲಿ ಸೂಪರಿಂಟೆಂಡೆಂಟ್ ಸಾಹೇಬರು. ಮಂಪರಿನಲ್ಲಿರುವ ಹೆಡ್‌ಮಾಸ್ಟರು ಒಣಗಿದ ತುಟಿ ಬಿಚ್ಚುತ್ತಾರೆ. "ಹಸು..."

ಲಿಫ್ಟಕ್ಕ ಬಗ್ಗಿ, ಅವರ ಕಿವಿಯ ಹತ್ತಿರ ಹೇಳುತ್ತಾರೆ: "ಹಸು ಮೇಲೆ ಬಂತು. ಯಾರ ಕಡೆಗೂ ನೋಡದೆ ಹುಲ್ಲು ಮೇಯತೊಡಗಿತು."

"ಇಷ್ಟೇನಾ?"

"ಇಷ್ಟೇ ಸರ್. ಸಾಲ್ದಾ?"

ಹೆಡ್‌ಮಾಸ್ಟರು ಯೋಚಿಸುತ್ತಾರೆ. "ಸಾಕು," ಎಂದು ಕಣ್ಣು ಮುಚ್ಚುತ್ತಾರೆ.

ಸಾಹೇಬರು ಗಂಟಲು ಸರಿ ಮಾಡಿಕೊಂಡು, ಪದ್ಯಕ್ಕೆ ಅಡ್ಡಿಯಿಲ್ಲ, ಆದರೆ ಕವಿಗಳ ಹಾಜರಿ ದಿನಾ ಬೆಳಗ್ಗೆ ತಮ್ಮ ಮೇಜಿಗೂ ಬರಬೇಕು ಎನ್ನುತ್ತಾರೆ. ಎರಡನೇ ಮಹಡಿಯಲ್ಲಿ ಇಳಿಯಬೇಕಾದ ಸಾಹೇಬರೇ ಇಳಿಯುವುದನ್ನು ಮರೆತಿದ್ದಾರೆ. ಲಿಫ್ಟಕ್ಕ ಅದನ್ನು ನೆನಪಿಸುವುದಿಲ್ಲ.

ಪಾಳಿ ಮುಗಿದ ಮೇಲೆ, ನಿಮಗೇನಾದರೂ ಆಸೆ ಇದೆಯಾ ಎಂದು ಕೇಳುತ್ತೇನೆ. ಒಂದು ಸನ್ಮಾನ, ಒಂದು ಒಳ್ಳೆಯ ಕುರ್ಚಿ? ಆಕೆ ನಗುತ್ತಾ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ನನಗೇನು ಬೇಕು ಬಿಡಿ. ಆ ಇಪ್ಪತ್ತಾರು ಜನ ಇದಾರಲ್ಲ, ನಾನು ಅಂತ ಒಬ್ಳು ಇದೀನಿ ಅಂತಾನೂ ಅವರಿಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ. ಏಣಿ ಹತ್ತದೆ ಇದ್ರೆ ಸಾಕು."