ಗಾರ್ಡ್ ಹೆಂಡತಿಯ ರೈಲು ಪುಸ್ತಕ

ರೈಲೆಂದರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಮೂವತ್ತು ವರ್ಷ ಗಾರ್ಡ್ ಹೆಂಡತಿಯಾಗಿದ್ದವಳಿಗೆ ಆ ಕೂಗು ಕೇಳಿದರೇ ಮೈ ಉರಿಯುತ್ತದೆ. ಹಬ್ಬವೆನ್ನದೆ ಹುಣ್ಣಿಮೆಯೆನ್ನದೆ ಗಂಡನನ್ನು ಎಳೆದುಕೊಂಡು ಹೋದ ಕೂಗು ಅದು. ಅಂಥ ನಾನೇ ಹೋದ ವರ್ಷ ಅರಸೀಕೆರೆಯ ಮನೆ ಬಿಟ್ಟು, ರಾಮನಗರದ ಸ್ಟೇಷನ್ನಿಗೆ ಹತ್ತಿರ ಬಾಡಿಗೆ ಮನೆ ಹಿಡಿದೆ. ಇವರಿಗೆ ಮರೆವಿನ ಕಾಯಿಲೆ. ನನ್ನನ್ನು ಕೆಲವು ದಿನ ತಂಗಿ ಅಂದರು, ಆಮೇಲೆ ಅಡುಗೆಯವಳು ಅಂದರು, ಕೊನೆಗೆ ಏನಾದರೂ ಅನ್ನುವುದನ್ನೇ ಬಿಟ್ಟರು. "ಹಳೇದು ಒಳಗೆ ಉಳಿದಿರುತ್ತೆ, ಕೆದಕಿ ನೋಡಿ" ಎಂದರು ಡಾಕ್ಟರು. ಇವರು ಗಾರ್ಡ್ ಆಗಿ ಮೊದಲು ಓಡಾಡಿದ್ದು ಇದೇ ಬೆಂಗಳೂರು–ಮೈಸೂರು ದಾರಿಯಲ್ಲಿ, ಸಣ್ಣ ಹಳಿಯ ಮೀಟರ್‌ಗೇಜ್ ಕಾಲದಲ್ಲಿ. ನಮ್ಮ ಮದುವೆಯಾದದ್ದೂ ಆಗಲೇ.

ದಿನಾ ಸಂಜೆ ಇವರನ್ನು ಪ್ಲಾಟ್‌ಫಾರಂ ತುದಿಯ ಬೆಂಚಿನಲ್ಲಿ ಕೂರಿಸಿಕೊಂಡು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ: ಯಾವ ಗಾಡಿ, ಎಷ್ಟು ಡಬ್ಬಿ, ಎಷ್ಟು ಹೊತ್ತು ತಡ. ಕೂತು ಅವರೆಕಾಯಿ ಸುಲಿಯುವ ವಯಸ್ಸಿನಲ್ಲಿ ಇಂಜಿನ್ ನಂಬರ್ ಬರೆಯುವ ಹಣೆಬರಹ! ಗಾಡಿ ಬಂದರೆ ಇವರು ಎದ್ದು ನಿಂತು, ಕೊನೆಯ ಡಬ್ಬಿ ದಾಟುವವರೆಗೂ ಹಸಿರು ಬಾವುಟ ಹಿಡಿದವರಂತೆ ಬಲಗೈ ಎತ್ತಿ ಹಿಡಿಯುತ್ತಿದ್ದರು. ನನ್ನ ಕಡೆ ಮಾತ್ರ ತಿರುಗುತ್ತಿರಲಿಲ್ಲ.

ಅವರಿವರನ್ನು ವಿಚಾರಿಸಿ, ಹತ್ತಿರದ ಕೂಟಗಲ್ಲಿನಲ್ಲಿ, ಹಳಿ ನೋಡಿಕೊಳ್ಳುತ್ತಿದ್ದ ನಿವೃತ್ತ ಗ್ಯಾಂಗ್‌ಮನ್ ಒಬ್ಬರನ್ನು ಹುಡುಕಿದೆ. ಈಗ ಕುರಿ ಸಾಕಿಕೊಂಡಿದ್ದಾರೆ. ಪಾಪ, ಕುರಿ ಬಿಟ್ಟು ನಮ್ಮ ಜೊತೆ ಬಂದು ಹಳೆಯ ಹಳಿಯಿದ್ದ ಜಾಗ ತೋರಿಸಿದರು.

"ಇಲ್ಲೇ ಕಣಕ್ಕ, ಸಣ್ ಹಳಿ ಇದ್ದಿದ್ದು. ಇಂಜಿನ್ ನೀರ್ ಕುಡ್ಯಕ್ಕೆ ಒಸಿ ಹೊತ್ತು ನಿಲ್ಲೋದು. ಅದು ಕೂಗಿದ್ರೆ ಸಾಕು, ಹಳಿ ಪಕ್ಕದೂರ್ ಹೆಂಗಸ್ರು ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋರು. ಗಡಿಯಾರ ಯಾರ್ತಾವಿತ್ತು?"

ಇವರು ನೆಲ ನೋಡುತ್ತ, "ಐದು ನಿಮಿಷ ಸ್ಟಾಪ್" ಎಂದರು.

ತಿಂಗಳಾದ ಮೇಲೆ ಆಡಿದ ಮೊದಲ ಮಾತು. ನಾನು ನಾಚಿಕೆಬಿಟ್ಟು ಆ ಅಣ್ಣನ ಮುಂದೆಯೇ ಅತ್ತೆ.

"ಬಾಯ್ ಬುಟ್ರಲ್ಲ ಕಣಕ್ಕ. ನಿಮ್ ಗುರ್ತೂ ಸಿಕ್ತದೆ, ಸುಮ್ಕಿರಿ" ಎಂದರು ಅವರು.

ಆಸೆ ಯಾರಪ್ಪನ ಮನೆಯ ಗಂಟು? ಮರುದಿನ ಪೆಟ್ಟಿಗೆಯ ತಳದಿಂದ ಮದುವೆ ಸೀರೆ ತೆಗೆದು ಉಟ್ಟೆ. ಅಚ್ಚ ಕೆಂಪು. ಈ ವಯಸ್ಸಿಗೆ ಇದೆಲ್ಲ ಬೇಕಾ ಎಂದು ಕನ್ನಡಿ ಮುಂದೆ ನನ್ನನ್ನೇ ಬೈದುಕೊಂಡೆ. ಸ್ಟೇಷನ್ನಿನಲ್ಲಿ ಇವರನ್ನು ಬೆಂಚಿಗೆ ಕೂರಿಸಿ, ಕಣ್ಣಿಗೆ ಬೀಳಲೆಂದು ಎದುರಿಗೇ ನಿಂತೆ. ದೂರದಲ್ಲಿ ಗಾಡಿ ಕೂಗಿತು. ಸೆರಗು ಗಾಳಿಗೆ ಹಾರಿತು.

ಹಳಿಯ ಪಕ್ಕ ಕೆಂಪು ಬಟ್ಟೆ ಬೀಸಿದರೆ ಅಪಾಯವೆಂದು ಅರ್ಥ, ಗಾಡಿ ನಿಲ್ಲಿಸಬೇಕು. ಆ ಭಯಕ್ಕೇ ರೈಲ್ವೆ ಕ್ವಾರ್ಟರ್ಸಿನಲ್ಲಿ ನಾವು ಕೆಂಪು ಬಟ್ಟೆಯನ್ನು ಹಳಿಯ ಕಡೆ ಒಣಹಾಕುತ್ತಿರಲಿಲ್ಲ. ಮೂವತ್ತು ವರ್ಷ ಪಾಲಿಸಿದ್ದನ್ನು, ಮರೆವಿಲ್ಲದ ನಾನೇ ಮರೆತಿದ್ದೆ.

ಇವರು ದಡಕ್ಕನೆ ಎದ್ದು ಬಂದರು. ನನ್ನ ತೋಳು ಹಿಡಿದು ಹಿಂದಕ್ಕೆಳೆದು, ಸೆರಗನ್ನು ಮುದ್ದೆ ಮಾಡಿ ಕಂಕುಳಲ್ಲಿ ಒತ್ತಿಕೊಂಡರು. ಎಷ್ಟೋ ತಿಂಗಳ ಮೇಲೆ ನನ್ನ ಮುಖವನ್ನು ನೇರವಾಗಿ ನೋಡಿದರು. ದೇವರೇ, ಈಗ ಹೆಸರು ಹಿಡಿದು ಕರೆಯುತ್ತಾರೆ ಅಂದುಕೊಂಡೆ.

"ಕೆಂಪು ತೋರಿಸ್ಬೇಡಮ್ಮ, ಗಾಡಿ ನಿಂತ್ಬಿಡುತ್ತೆ" ಎಂದು ಬೇಡಿಕೊಂಡರು. "ಇವತ್ತಾದ್ರೂ ಹೊತ್ತಿಗೆ ಸರಿಯಾಗಿ ಮನೆಗೆ ಹೋಗ್ಬೇಕು. ನನ್ನ ಹೆಂಡ್ತಿ ಊಟ ಮಾಡ್ದೆ ಕಾಯ್ತಿರ್ತಾಳೆ."

ಗಾಡಿ ನಿಲ್ಲದೆ ದಾಟಿಹೋಯಿತು.

"ಹೂಂ, ಹೋಗಿ ಸಾರ್" ಎಂದೆ. "ಕಾಯ್ತಿರ್ತಾಳೆ."