ಅತ್ತೆ ನೀರು ಹಾಕಿದ ಸಾಲ್ವಿಯಾ

ಇವತ್ತು ನಲ್ಲಿ ಬರುವ ದಿನ, ಡ್ರಮ್ಮು ತುಂಬಿಸಿದೆ. ಕಿಟಕಿ ಸರಳಿಗೆ ಹತ್ತಿದ್ದ ಅದಿರಿನ ಕೆಂಪು ಧೂಳು ಒರೆಸಿದೆ. ಹುಣಸೆಹಣ್ಣು ಬಿಸಿಲಿಗೆ ಹಾಕಿದೆ. ಯಜಮಾನರಿಗೆ ಬುತ್ತಿ ಕಟ್ಟಿ ದೋಣಿಮಲೈ ಗಣಿಯ ಬಸ್ಸಿಗೆ ಕಳಿಸಿದೆ. ಆಮೇಲೆ ಒಂದು ಗಿಡ ಕಿತ್ತೆ.

ಅದು ಸಾಲ್ವಿಯಾ. ಕಳೆದ ಮಳೆಗಾಲದಲ್ಲಿ ಹೊಸಪೇಟೆಯ ನರ್ಸರಿಯಿಂದ ಮೂರು ತಂದಿದ್ದೆ. ನೀಲಿ ಹೂವಿನ ಪೊದೆ. ಎಲೆ ಉಜ್ಜಿದರೆ ತುಳಸಿಗೆ ಕರ್ಪೂರ ಬೆರೆಸಿದಂಥ ವಾಸನೆ. ಬೇರು ಹಿಡಿದ ಮೇಲೆ ಹೆಚ್ಚು ನೀರು ಕೇಳುವುದಿಲ್ಲ, ಸಂಡೂರಿನ ನಮ್ಮ ಕಲ್ಲುನೆಲಕ್ಕೆ ಸರಿ ಎಂದು ತಂದದ್ದು. ಚಳಿಗಾಲವೆಲ್ಲ ಚೆನ್ನಾಗಿ ಹೂ ಬಿಟ್ಟವು.

ಸಂಕ್ರಾಂತಿ ಮುಗಿದ ಮೇಲೆ ಅತ್ತೆ ಕಂಪ್ಲಿಯಿಂದ ನಮ್ಮಲ್ಲಿಗೆ ಬಂದರು. ಮೊಣಕಾಲು ನೋವು, ಗದ್ದೆಗೆ ಇಳಿಯಲಾಗುತ್ತಿರಲಿಲ್ಲ. ಇಲ್ಲಿ ಒಲೆ ನನ್ನದು, ಪಾತ್ರೆ ನನ್ನದು. ಅವರು ತಮ್ಮದೆಂದು ಹಿಡಿದದ್ದು ಗಿಡಕ್ಕೆ ನೀರು ಹಾಕುವ ಚೊಂಬೊಂದೇ. ಕಾಲುವೆ ನೀರಿನಲ್ಲಿ ಬಾಳಿದವರು; ಬಿರಿದ ನೆಲ ಕಂಡರೆ ಜೀವ ತಡೆಯದು. ಅಕ್ಕಿ ತೊಳೆದ ನೀರೂ ಸಾಲ್ವಿಯಾದ ಬುಡಕ್ಕೇ. ಎಲೆ ಜೋತುಬಿದ್ದಷ್ಟೂ ಇನ್ನೊಂದು ಚೊಂಬು. ಅದನ್ನು ಅವರ ಕೈಯಿಂದ ಬಿಡಿಸುವುದು ಹೇಗೆಂದು ತಿಳಿಯದೆ ಒಂದು ತಿಂಗಳು ಸುಮ್ಮನಿದ್ದೆ. ತಪ್ಪು ನನ್ನದೇ.

ಕಿತ್ತ ಗಿಡದ ಬೇರು ಕಪ್ಪಗೆ ಕೊಳೆತಿತ್ತು. ಅತ್ತೆ ಬೆರಳಲ್ಲಿ ಒತ್ತಿ ನೋಡಿದರು.

“ನಾನೇ ಕೊಂದ್ನೇನು?”

“ನಾ ಹೇಳ್ಬೇಕಿತ್ರೀ ಅತ್ತಿ. ಇದಕ್ಕ ನೀರು ಭಾಳ ಬ್ಯಾಡ.”

“ತಿಂಗ್ಳಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ದೇನು? ನಿನ್ನ ಸಾರಿಗೆ ಉಪ್ಪು ಜಾಸ್ತಿ ಆದ್ರ ನಾ ಸುಮ್ನಿರ್ತೀನೇನು?”

“ಒಂದಿನಾನೂ ಇಲ್ರಿ.”

ನಕ್ಕರು. ಆದರೆ ಚೊಂಬನ್ನು ಕಟ್ಟೆಯ ಮೇಲೆ ಬೋರಲು ಹಾಕಿ, “ಇನ್ನ ನಂಗೇನು ಕೆಲ್ಸೈತಿ ಹೇಳು” ಎಂದರು. ಅದು ನಗುವಿನ ದನಿಯಲ್ಲ.

ಉಳಿದೆರಡು ಗಿಡಗಳ ಹಸಿರು ತುದಿ ಕತ್ತರಿಸಿ ತಂದು ಅವರ ಮುಂದಿಟ್ಟೆ. ಹಳೇ ಮೊಸರಿನ ಡಬ್ಬಿಗಳಿಗೆ ತೂತು ಮಾಡಿ ಮರಳು ತುಂಬಿದೆ.

“ಬೇರು ಬಿಡೋತನಕ ಇವಕ್ಕ ನೀರು ಬೇಕ್ರಿ. ದಿನಾ ಮುಂಜಾನೆ ಬೆರಳಾಗ ಚಿಮುಕಿಸ್ಬೇಕು, ಸುರೀಬಾರ್ದು.”

“ಬೇರು ಬಿಟ್ಟಮ್ಯಾಲೆ?”

“ಮತ್ತ ಬ್ಯಾರೆ ಕಡ್ಡಿ ಕತ್ತರಿಸೋಣ್ರಿ.”

“ಭಾಳ ಶ್ಯಾಣ್ಯಾಕಿ ನೀನು,” ಎಂದು ಸ್ಟೂಲ್ ಎಳೆದುಕೊಂಡು ಕೂತರು. ಭತ್ತದ ಸಸಿಯಂತೆ ಮೂರು ಮೂರು ಸೇರಿಸಿ ನೆಟ್ಟರು. ನಾನು ಈ ಸಲ ಬಾಯಿಬಿಟ್ಟೆ. ಬೈದುಕೊಳ್ಳುತ್ತಲೇ ಒಂದೊಂದಾಗಿ ಬಿಡಿಸಿದರು.

ರಾತ್ರಿ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಪುಡಿ. ಮೊದಲು ಮಲಗಿದ್ದು ಅತ್ತೆ, ಮುಂಜಾನೆ ಬೇಗ ಎಬ್ಬಿಸು ಎಂದು ಎರಡು ಸಲ ಹೇಳಿ.